ನಗಿಸುವ ಹೆಣ್ಣಿಗೆ ಸಿಕ್ಕ ಜಾಗ

ಮಳೆಗಾಲ ಮುಗಿದು, ಗದ್ದೆಯ ಕೊಯ್ಲು ಆಗಿ, ಅಡಿಕೆ ಸುಲಿಯುವ ಕೆಲಸದ ನಡುವೆ ಒಂದಿಷ್ಟು ಬಿಡುವು ಸಿಕ್ಕಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಯಕ್ಷಗಾನದ ಆಟಗಳು ಶುರುವಾಗುತ್ತವೆ. ಆಟದಲ್ಲಿ ಜನ ಎದುರು ನೋಡುವ ವೇಷಗಳ ಪೈಕಿ ಹಾಸ್ಯಗಾರನದೂ ಒಂದು. ದೂತ, ಪುರೋಹಿತ, ಮುದುಕಿ, ಅಡುಗೆಯವ, ಬೇಹುಗಾರ ಎಲ್ಲವೂ ಅವನ ಪಾಲಿಗೇ. ರಾಜನ ಎದುರು ನಿಂತು ಬೇರೆ ಯಾರೂ ಆಡಲಾರದ ಮಾತನ್ನು ಅವನು ಆಡಬಲ್ಲ. ಆದರೆ ಶತಮಾನಗಳ ಈ ಸಂಪ್ರದಾಯದಲ್ಲಿ ಹೆಂಗಸಿನ ಕುರಿತ ನಗೆಯನ್ನು ಕೂಡ ಗಂಡಸೇ ಆಡಿ ತೋರಿಸಿದ. ಸೊಂಟ ಬಳುಕಿಸಿದ ಮುದುಕಿಯೂ ಅವನೇ, ಗಂಡನನ್ನು ಗದರಿದ ಹೆಂಡತಿಯೂ ಅವನೇ. ಹೆಂಗಸರು ಮಾತ್ರ ಚಾಪೆಯ ಮೇಲೆ ಕೂತು ನಕ್ಕರು.

ಹೆಣ್ಣು ತಾನೇ ರಂಗಕ್ಕೆ ಬಂದು ಜನರನ್ನು ನಗಿಸುವುದು ನಮ್ಮಲ್ಲಿ ಎಷ್ಟು ತಡವಾಗಿ ಶುರುವಾಯಿತು, ಅದಕ್ಕೆ ಆಕೆ ತೆತ್ತ ಬೆಲೆ ಏನು, ಆಕೆಗೆ ಸಿಕ್ಕ ಮಾನ ಯಾವ ಬಗೆಯದು ಎಂಬುದನ್ನು ತಿಳಿಯಲು ಒಬ್ಬ ನಟಿಯ ಬದುಕನ್ನು ಹಿಡಿದು ಹೊರಟರೆ ಸಾಕು. ಆಕೆ ಉಮಾಶ್ರೀ. ಹುಟ್ಟಿದ್ದು ಮಲೆನಾಡಿನಲ್ಲಲ್ಲ, ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಆದರೆ ಅವರ ಬದುಕಿನ ದೊಡ್ಡ ತಿರುವುಗಳಲ್ಲಿ ಎರಡು ಕಡೆ ಈ ಮೂರು ತಾಲ್ಲೂಕುಗಳ ನಂಟು ಇದೆ. ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರದ ನಿರ್ದೇಶಕರು ತೀರ್ಥಹಳ್ಳಿ ತಾಲ್ಲೂಕಿನವರು. ಅವರನ್ನು ಮತ್ತೆ ರಂಗಕ್ಕೆ ಕರೆತಂದ ನಾಟಕದ ನಿರ್ದೇಶಕರು ಸಾಗರ ಸಮೀಪದ ಹೆಗ್ಗೋಡಿನ ರಂಗಶಾಲೆಯನ್ನು ಬಹುಕಾಲ ನಡೆಸಿದವರು.

ಎರಡನೆಯ ಸಾಲಿನ ಕುರ್ಚಿ

ನೊಣವಿನಕೆರೆಯ ಸುತ್ತಮುತ್ತಲಿನ ಸೀಮೆಗೆ ನಗೆ ಹೊಸದಲ್ಲ. ಅದೇ ಜಿಲ್ಲೆಯ ಗುಬ್ಬಿಯಿಂದ ಹೊರಟ ವೀರಣ್ಣನವರು ಕಂಪನಿ ಮಾಲೀಕರಾಗುವುದಕ್ಕೆ ಮೊದಲು ಹಾಸ್ಯನಟರಾಗಿಯೇ ಹೆಸರಾದವರು. ಕನ್ನಡ ಚಿತ್ರರಂಗದ ಹಾಸ್ಯಚಕ್ರವರ್ತಿ ನರಸಿಂಹರಾಜು ಹುಟ್ಟಿದ್ದು ತಿಪಟೂರಿನಲ್ಲಿ, 1923ರಲ್ಲಿ. ಇವರಿಬ್ಬರ ಹೆಸರು ಕನ್ನಡ ಕಲಾ ಇತಿಹಾಸದ ಪುಟಗಳಲ್ಲಿ ದೊಡ್ಡ ಅಕ್ಷರದಲ್ಲಿದೆ.

ನರಸಿಂಹರಾಜು ಅವರ ಜೋಡಿಯಾಗಿ ನಟಿಸಿದ ಎಂ.ಎನ್. ಲಕ್ಷ್ಮೀದೇವಿ, ದ್ವಾರಕೀಶ್ ಜೋಡಿಯಾಗಿ ನೆನಪಾಗುವ ಬಿ. ಜಯ, ಬಾಯಿಬಡುಕಿ ಅತ್ತೆಯಾಗಿ ಮನೆಮಾತಾದ ರಮಾದೇವಿ ಇವರೆಲ್ಲ ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತವರು. ಕಥಾನಾಯಕನ ಗೆಳೆಯ ಹಾಸ್ಯನಟ, ಆ ಹಾಸ್ಯನಟನ ಜೋಡಿ ಹಾಸ್ಯನಟಿ. ಅಂದರೆ ಹಾಸ್ಯನಟಿ ಎಂದರೆ ಜೋಡಿಯ ಜೋಡಿ! ಅವಳಿಗೆ ಪ್ರತ್ಯೇಕ ಕಥೆ ಇರುವುದಿಲ್ಲ. ಅವಳ ದಪ್ಪ ಮೈ, ಅವಳ ಒರಟು ದನಿ, ಅವಳ ವಯಸ್ಸು, ಮದುವೆಯಾಗುವ ಅವಳ ಆಸೆ ಇವೇ ನಗೆಯ ಸರಕು. ಆದರೂ ಇವರು ಸಂಭಾಷಣೆ ಹೇಳುವಾಗ ಹಿಡಿಯುತ್ತಿದ್ದ ಸಮಯ, ಒಂದು ಕಣ್ಣುಮಿಟುಕಿನಲ್ಲಿ ದೃಶ್ಯದ ದಿಕ್ಕನ್ನೇ ತಿರುಗಿಸುತ್ತಿದ್ದ ಜಾಣ್ಮೆ ಯಾವ ನಾಯಕಿಯ ಅಭಿನಯಕ್ಕೂ ಕಡಿಮೆಯದಾಗಿರಲಿಲ್ಲ.

ಉಮಾಶ್ರೀ ಅವರು 1957ರ ಮೇ 10ರಂದು ಹುಟ್ಟಿದವರು. ಚಿತ್ರರಂಗಕ್ಕೆ ಬರುವಾಗ ಅವರ ಎದುರು ಖಾಲಿಯಿದ್ದ ಕುರ್ಚಿ ಇದೇ ಆಗಿತ್ತು.

ಸಾಕವ್ವನಿಂದ ಪುಟ್ಟಮಲ್ಲಿಯವರೆಗೆ

ಅವರು ಬಂದದ್ದು ಹವ್ಯಾಸಿ ರಂಗಭೂಮಿಯಿಂದ. ದೇವನೂರ ಮಹಾದೇವ ಅವರ ‘ಒಡಲಾಳ’ ಕಥೆಯನ್ನು ಸಿ.ಜಿ. ಕೃಷ್ಣಸ್ವಾಮಿ ಅವರು ರಂಗಕ್ಕೆ ತಂದಾಗ ಸಾಕವ್ವನ ಪಾತ್ರ ಉಮಾಶ್ರೀ ಅವರದಾಯಿತು. ಕಳೆದುಹೋದ ಹುಂಜವನ್ನು ಹುಡುಕುತ್ತ ಊರೆಲ್ಲ ಶಾಪ ಹಾಕುವ ದಲಿತ ಕುಟುಂಬದ ಹಿರಿಯ ಹೆಂಗಸು ಆಕೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ಪ್ರಸಂಗ ಈ ಕಥೆಯ ಮರೆಯಲಾಗದ ಭಾಗ. ನೋಡುಗನಿಗೆ ಮೊದಲು ನಗು ಬರುತ್ತದೆ. ಬಳಿಕ ಆ ನಗು ಹಸಿವಿನ ಮೇಲೆ ನಿಂತಿದೆ ಎಂಬುದು ಗೊತ್ತಾಗಿ ಗಂಟಲು ಕಟ್ಟುತ್ತದೆ. ಇನ್ನೂ ಯುವತಿಯಾಗಿದ್ದ ನಟಿ ಮುದುಕಿಯ ದೇಹವನ್ನೂ ಮುದುಕಿಯ ಬೈಗುಳವನ್ನೂ ಮೈಮೇಲೆ ತಂದುಕೊಂಡ ಬಗೆಯನ್ನು ಆ ಪ್ರಯೋಗ ನೋಡಿದವರು ಇಂದಿಗೂ ನೆನೆಯುತ್ತಾರೆ.

ಸಿನಿಮಾ ಅವರಿಗೆ ಬೇರೆಯೇ ಗುರುತು ಕೊಟ್ಟಿತು. 1984ರಲ್ಲಿ ತೆರೆಕಂಡ ಕಾಶೀನಾಥ್ ಅವರ ‘ಅನುಭವ’ ಚಿತ್ರ ಬಾಲ್ಯವಿವಾಹದ ಎಳೆ ಹಿಡಿದು, ಲೈಂಗಿಕತೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿತು. ಅದರಲ್ಲಿನ ಪಾತ್ರದಿಂದ ಉಮಾಶ್ರೀ ಜನಕ್ಕೆ ಗೊತ್ತಾದರು. ಅಲ್ಲಿಂದ ಮುಂದೆ ಎನ್.ಎಸ್. ರಾವ್ ಮೊದಲಾದವರ ಜೋಡಿಯಾಗಿ ನೂರಾರು ಚಿತ್ರಗಳಲ್ಲಿ ನಟಿಸಿದರು. ಇವುಗಳಲ್ಲಿ ಬಹಳಷ್ಟು ದ್ವಂದ್ವಾರ್ಥದ ಸಂಭಾಷಣೆಯ ಮೇಲೆ ನಿಂತ ಪಾತ್ರಗಳು. ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತಿತ್ತು. ಹೊರಗೆ ಬಂದ ಮೇಲೆ ಅದೇ ಪ್ರೇಕ್ಷಕರು ಆ ಪಾತ್ರವನ್ನೂ ನಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಮಾತನ್ನು ಬರೆದವನು ಗಂಡಸು, ದೃಶ್ಯವನ್ನು ತೆಗೆದವನು ಗಂಡಸು, ಜೋಡಿಯಾಗಿ ನಿಂತವನೂ ಗಂಡಸು. ಅಪವಾದ ಮಾತ್ರ ಆಡಿದ ಹೆಂಗಸಿಗೆ. ಇಬ್ಬರು ಮಕ್ಕಳನ್ನು ಒಂಟಿಯಾಗಿ ಬೆಳೆಸಬೇಕಿದ್ದ ನಟಿಗೆ ಬಂದ ಪಾತ್ರವನ್ನು ಬೇಡವೆನ್ನುವ ಅನುಕೂಲ ಎಷ್ಟಿದ್ದೀತು ಎಂದು ಕೇಳಿದವರು ಕಡಿಮೆ.

ಈ ಚೌಕಟ್ಟಿನೊಳಗೇ ಅವರು ದೊಡ್ಡ ಗೆಲುವು ಕಂಡದ್ದು 1995ರ ‘ಪುಟ್ನಂಜ’ದಲ್ಲಿ. ರವಿಚಂದ್ರನ್ ನಿರ್ದೇಶಿಸಿ ನಟಿಸಿದ ಆ ಚಿತ್ರದಲ್ಲಿ ಉಮಾಶ್ರೀ ನಾಯಕನ ಅಜ್ಜಿ ಪುಟ್ಟಮಲ್ಲಿ. ಆಗ ಅವರಿಗೆ 38 ವರ್ಷ. ಮೊಮ್ಮಗನಾಗಿ ನಟಿಸಿದ ನಾಯಕನಿಗಿಂತ ಅವರು ನಾಲ್ಕೇ ವರ್ಷ ದೊಡ್ಡವರು! ಎಲೆಯಡಿಕೆ ಬಾಯಿಯ, ಗತ್ತಿನ ನಡಿಗೆಯ ಆ ಮುದುಕಿ ಚಿತ್ರದ ಜೀವವಾದಳು. ಅಜ್ಜಿಯ ದೇಹವನ್ನು ನೋಡಿ ಯಾರೂ ನಗಲಿಲ್ಲ, ಅಜ್ಜಿಯ ಮಾತಿಗೆ ನಕ್ಕರು. ಹಾಸ್ಯನಟಿಯ ಪಾಲಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಲೆನಾಡಿಗೆ ಬಂದ ಪೆಟ್ಟಿಗೆ

ಇದೇ ವರ್ಷಗಳಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಟಾಕೀಸಿಗೆ ಹೋಗಲಾರದ ಹೆಂಗಸರ ಮನೆಗೆ ಟಿ.ವಿ. ಬರತೊಡಗಿತ್ತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಆ ದಶಕದಲ್ಲಿ ಸಣ್ಣ ಊರುಗಳಿಗೂ ಪ್ರಸಾರ ತಲುಪಿತು. ಗುಡ್ಡಗಳ ನಡುವಿನ ಮಲೆನಾಡಿನ ಮನೆಗಳಲ್ಲಿ ಚಿತ್ರ ಹಿಡಿಯುವುದು ಸುಲಭವಿರಲಿಲ್ಲ. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ, ಒಬ್ಬ ಅಂಗಳದಲ್ಲಿ ಅದನ್ನು ತಿರುಗಿಸುವುದು, ಒಳಗಿನಿಂದ ಇನ್ನೊಬ್ಬ ‘ಬಂತು, ಹೋಯ್ತು’ ಎಂದು ಕೂಗುವುದು ಆ ಕಾಲದ ಮನೆಮನೆಯ ನೋಟ. ಶರಾವತಿಯ ಹಿನ್ನೀರಿನ ಅಂಚಿನ ಎಷ್ಟೋ ಹಳ್ಳಿಗಳು ನಾಡಿಗೆಲ್ಲ ವಿದ್ಯುತ್ ಕೊಟ್ಟು ತಾವು ಕತ್ತಲಲ್ಲಿದ್ದವು. ಅಲ್ಲಿ ಬ್ಯಾಟರಿಗೆ ಜೋಡಿಸಿದ ಕಪ್ಪು–ಬಿಳುಪು ಪೆಟ್ಟಿಗೆಯೇ ಗತಿ.

ಈ ಸೀಮೆ ಟಿ.ವಿ.ಯನ್ನು ನೋಡಿತಷ್ಟೇ ಅಲ್ಲ, ಟಿ.ವಿ.ಗೆ ತನ್ನ ಮುಖವನ್ನೂ ಕೊಟ್ಟಿತು. ಶಂಕರ್ ನಾಗ್ ಅವರು ಆರ್.ಕೆ. ನಾರಾಯಣ್ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಆಗಿಸಿದಾಗ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೇ ಮಾಲ್ಗುಡಿಯಾಯಿತು. 1980ರ ದಶಕದ ಉತ್ತರಾರ್ಧದಲ್ಲಿ ದೇಶವೆಲ್ಲ ಆಗುಂಬೆಯ ದೊಡ್ಡ ಮನೆಯ ಜಗಲಿಯನ್ನು ನೋಡಿತು. ಅದರಲ್ಲಿ ಸ್ವಾಮಿಯ ತಾಯಿಯಾಗಿ ನಟಿಸಿದವರು ವೈಶಾಲಿ ಕಾಸರವಳ್ಳಿ. ನಗೆ ಮತ್ತು ಮಮತೆ ಒಂದೇ ಮುಖದಲ್ಲಿ ಇರಬಲ್ಲವು ಎಂಬುದನ್ನು ಅಬ್ಬರವಿಲ್ಲದೆ ತೋರಿಸಿದ ನಟಿ. 2010ರಲ್ಲಿ ತೀರಿಕೊಂಡ ಅವರು ಮುಂದೆ ಕಿರುತೆರೆಯ ನಿರ್ದೇಶಕಿಯಾಗಿಯೂ ಹೆಸರು ಮಾಡಿದರು.

ಕಿರುತೆರೆ ಬಂದ ಮೇಲೆ ಹಾಸ್ಯನಟಿಯ ಸ್ಥಾನ ಬದಲಾಯಿತು. ಕಾರಣ ಸರಳ. ಸಿನಿಮಾದಲ್ಲಿ ನಗೆ ಎಂದರೆ ಕಥೆಯ ನಡುವಿನ ವಿರಾಮ. ಟಿ.ವಿ. ಹಾಸ್ಯ ಧಾರಾವಾಹಿಯಲ್ಲಿ ಕಥೆ ನಡೆಯುವುದೇ ಮನೆಯ ಒಳಗೆ. ಮನೆಯಲ್ಲಿ ಹೆಂಗಸು ಇಲ್ಲದೆ ಕಥೆಯೇ ಇಲ್ಲ. ಅಮೆರಿಕದಲ್ಲಿ ಇದು 1951ರಷ್ಟು ಹಿಂದೆಯೇ ಸಾಬೀತಾಗಿತ್ತು. ಸಿನಿಮಾದಲ್ಲಿ ಹೆಚ್ಚೇನೂ ಮೇಲೇರದ ಲೂಸಿಲ್ ಬಾಲ್ ಎಂಬ ನಟಿ ‘ಐ ಲವ್ ಲೂಸಿ’ಯಲ್ಲಿ ಹುಚ್ಚು ಯೋಜನೆಗಳ ಗೃಹಿಣಿಯಾಗಿ ದೇಶವನ್ನೇ ನಗಿಸಿದಳು. 1962ರಲ್ಲಿ ತಾನು ಗಂಡನೊಡನೆ ಕಟ್ಟಿದ ಸ್ಟುಡಿಯೋಗೆ ತಾನೇ ಒಡತಿಯಾದಳು.

ಕನ್ನಡದಲ್ಲಿ ದೂರದರ್ಶನದ ಕಾಲದಲ್ಲಿ ‘ಸಿಹಿ ಕಹಿ’ ಧಾರಾವಾಹಿ ಎಷ್ಟು ಜನಪ್ರಿಯವಾಯಿತೆಂದರೆ ಅದರಲ್ಲಿ ನಟಿಸಿದ ಗೀತಾ ಮತ್ತು ಚಂದ್ರು ಅವರ ಹೆಸರಿಗೆ ಅದೇ ಅಂಟಿಕೊಂಡಿತು. 2000ದ ದಶಕದಲ್ಲಿ ಈಟಿವಿಯ ‘ಪಾಪ ಪಾಂಡು’ ಬಂತು. ಅದರಲ್ಲಿ ಶಾಲಿನಿ ಅವರ ಪಾತ್ರ ಕೈಗೆ ಸಿಕ್ಕಿದ್ದರಿಂದ ಗಂಡನಿಗೆ ಬಾರಿಸುವ ಹೆಂಡತಿ. ‘ಸಿಲ್ಲಿ ಲಲ್ಲಿ’ಯಲ್ಲಿ ಸಮಾಜಸೇವೆಯ ಹುಚ್ಚಿನ ಲಲಿತಾಂಬ ಇದ್ದಳು. ಆಮೇಲೆ ‘ಮಜಾ ಟಾಕೀಸ್’ನಲ್ಲಿ ಅಪರ್ಣಾ ಅವರು ವರಲಕ್ಷ್ಮಿಯಾದರು. ಶುದ್ಧ ಕನ್ನಡದ ನಿರೂಪಕಿ ಎಂದು ದಶಕಗಳ ಕಾಲ ಗೌರವ ಪಡೆದಿದ್ದ ಅವರು, 2024ರ ಜುಲೈಯಲ್ಲಿ ತೀರಿಕೊಂಡಾಗ ಜನ ಅವರ ಅಚ್ಚುಕಟ್ಟಾದ ಉಚ್ಚಾರವನ್ನು ನೆನೆದಷ್ಟೇ ಪ್ರೀತಿಯಿಂದ ಆ ಪೆದ್ದು ವರಲಕ್ಷ್ಮಿಯನ್ನೂ ನೆನೆದರು.

ಈ ಧಾರಾವಾಹಿಗಳ ನಗೆಯೆಲ್ಲ ಉತ್ತಮ ದರ್ಜೆಯದೆಂದು ಹೇಳಲಾಗದು. ಗಂಡನಿಗೆ ಹೊಡೆಯುವ ಹೆಂಡತಿಯೆಂಬ ತಮಾಷೆ ಹಳೆಯದು, ನಿಜವಾದ ಮನೆಗಳ ಲೆಕ್ಕವನ್ನು ಅದು ತಲೆಕೆಳಗು ಮಾಡಿ ತೋರಿಸುತ್ತದೆ. ಆದರೆ ಇವುಗಳಲ್ಲಿ ಹೆಣ್ಣು ಯಾರದೋ ಜೋಡಿಯಾಗಿ ಉಳಿಯಲಿಲ್ಲ. ಆಕೆ ಬಂದರೆ ಕಂತು ಶುರು, ಹೋದರೆ ಮುಕ್ತಾಯ.

ಟಿ.ವಿ. ಬಂದ ಮನೆಯ ಗುಲಾಬಿ

ಉಮಾಶ್ರೀ ಅವರ ಬದುಕಿನ ಬಹುಮುಖ್ಯ ಚಿತ್ರದ ವಸ್ತುವೂ ಟಿ.ವಿ.ಯೇ ಎಂಬುದು ಆಕಸ್ಮಿಕವಾದರೂ ಅರ್ಥಪೂರ್ಣ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿ ಅವರು ಅದಕ್ಕೂ ಮೊದಲು ಸಾಗರದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ, ಅಣೆಕಟ್ಟೆಯ ನೀರಿಗೆ ಸಿಕ್ಕ ಕುಟುಂಬದ ‘ದ್ವೀಪ’ ಚಿತ್ರ ಮಾಡಿದ್ದರು. ಬಳಿಕ ವೈದೇಹಿ ಅವರ ಕಥೆಯೊಂದನ್ನು ಎತ್ತಿಕೊಂಡು ‘ಗುಲಾಬಿ ಟಾಕೀಸು’ ಮಾಡಿದರು. ವೈದೇಹಿ ಅವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಅದನ್ನು 1990ರ ದಶಕದ ಕೊನೆಗೆ, ಡಿಶ್ ಆಂಟೆನಾದ ಕಾಲಕ್ಕೆ ತಂದರು.

ಗುಲಾಬಿ ಕರಾವಳಿಯ ಮೀನುಗಾರರ ಊರೊಂದರ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಸಿನಿಮಾ ಹುಚ್ಚಿ. ಗಂಡ ಆಕೆಯನ್ನು ಬಿಟ್ಟು ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆ. ಸಿರಿವಂತರ ಮನೆಯ ಹೆರಿಗೆ ಮಾಡಿಸಿದ್ದಕ್ಕೆ ಆಕೆಗೆ ಬಣ್ಣದ ಟಿ.ವಿ. ಉಡುಗೊರೆಯಾಗಿ ಬರುತ್ತದೆ. ಅಲ್ಲಿಯವರೆಗೆ ಅವಳ ಹೊಸಿಲು ತುಳಿಯದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಗಂಡಸರಿಲ್ಲದ ಹೊತ್ತಿನಲ್ಲಿ ಆ ಕೋಣೆ ನಗುವ, ಅಳುವ, ಗುಟ್ಟು ಹಂಚುವ ಜಾಗವಾಗುತ್ತದೆ. ಅಷ್ಟರಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ ಅದೇ ಪೆಟ್ಟಿಗೆಯಿಂದ ಬರುತ್ತದೆ. ಮೀನುಗಾರಿಕೆಯ ಪೈಪೋಟಿಗೆ ಧರ್ಮದ ಬಣ್ಣ ಅಂಟುತ್ತದೆ. ಕೊನೆಗೆ ಊರು ಗುಲಾಬಿಯನ್ನೇ ಹೊರಗಟ್ಟುತ್ತದೆ.

ಈ ಪಾತ್ರಕ್ಕೆ ನಿರ್ದೇಶಕರು ಗಂಭೀರ ಪಾತ್ರಗಳಿಗೇ ಹೆಸರಾದ ನಟಿಯನ್ನು ಆರಿಸಬಹುದಿತ್ತು. ಹಾಸ್ಯನಟಿಯನ್ನು ಆರಿಸಿದ್ದರಲ್ಲಿ ಚಿತ್ರದ ಜೀವ ಇದೆ. ಸಿನಿಮಾ ನೋಡುವ ಆತುರ, ಪರದೆಯ ಮೇಲೆ ನೆಟ್ಟ ಕಣ್ಣು, ಟಿ.ವಿ. ಬಂದಾಗಿನ ಮಗುವಿನಂಥ ಹಿಗ್ಗು ಇವನ್ನು ನಂಬಿಸಲು ನಗೆಯ ಲಯ ಬಲ್ಲವರೇ ಬೇಕು. ಆ ಹಿಗ್ಗನ್ನು ನಾವು ನಂಬಿದ್ದರಿಂದಲೇ ಕೊನೆಯ ಸಂಕಟ ನಮ್ಮದಾಗುತ್ತದೆ. ‘ಒಡಲಾಳ’ದ ಕಡಲೆಕಾಯಿ ರಾತ್ರಿಯಲ್ಲಿ ಕಲಿತ ವಿದ್ಯೆ ಇಲ್ಲಿ ಮತ್ತೆ ಕೆಲಸ ಮಾಡಿತು ಎನ್ನಬೇಕು.

2008ರಲ್ಲಿ ದೆಹಲಿಯ ಓಸಿಯಾನ್ಸ್ ಚಿತ್ರೋತ್ಸವದಲ್ಲಿ ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. 2009ರಲ್ಲಿ ಪ್ರಕಟವಾದ, 2007ನೇ ಸಾಲಿನ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರು ದೇಶದ ಅತ್ಯುತ್ತಮ ನಟಿಯಾದರು. ಕನ್ನಡ ಚಿತ್ರದ ಅಭಿನಯಕ್ಕೆ ಈ ಗೌರವ ಅದಕ್ಕೆ ಮುಂಚೆ ಸಂದದ್ದು ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಮತ್ತು ‘ಹಸೀನಾ’ದ ತಾರಾ ಅವರಿಗೆ. ‘ಹಸೀನಾ’ದ ನಿರ್ದೇಶಕರೂ ಕಾಸರವಳ್ಳಿಯವರೇ.

ಸಂತೋಷದ ಈ ಸುದ್ದಿಯ ಹಿಂದೆ ಒಂದು ಕಹಿಯೂ ಇದೆ. ಇಪ್ಪತ್ತೈದು ವರ್ಷ ಜನರನ್ನು ನಗಿಸಿದ ನಟಿಗೆ ದೇಶದ ದೊಡ್ಡ ಮನ್ನಣೆ ಸಿಕ್ಕಿದ್ದು ಆಕೆ ಅಳಿಸಿದಾಗ. ‘ಹಾಸ್ಯನಟಿ ಇಷ್ಟು ಚೆನ್ನಾಗಿ ನಟಿಸಬಲ್ಲರೇ’ ಎಂದು ಬೆರಗುಪಡುವುದು ಹೊಗಳಿಕೆಯಂತೆ ಕೇಳಿಸುತ್ತದೆ. ಯೋಚಿಸಿ ನೋಡಿದರೆ, ಅಲ್ಲಿಯವರೆಗೆ ಆಕೆ ಮಾಡಿದ್ದು ನಟನೆಯೇ ಅಲ್ಲ ಎಂಬ ತೀರ್ಪು ಅದರೊಳಗೆ ಅಡಗಿದೆ.

ಮತ್ತೆ ರಂಗಕ್ಕೆ, ಮನೆಮನೆಗೆ

ಕಾಂಗ್ರೆಸ್ ಪಕ್ಷ ಸೇರಿದ ಉಮಾಶ್ರೀ ಅವರು 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ವಿಧಾನಸಭೆಗೆ ಆಯ್ಕೆಯಾದರು. ನೇಕಾರರು ಹೆಚ್ಚಾಗಿರುವ ಕ್ಷೇತ್ರ ಅದು. 2018ರವರೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾಗಿದ್ದರು. 2018ರ ಚುನಾವಣೆಯಲ್ಲಿ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ರಾಜಕೀಯದ ಏಳುಬೀಳು ಬೇರೆಯೇ ಲೇಖನದ ವಸ್ತು. ಆದರೆ ತೆರೆಯ ಮೇಲೆ ಯಾರದೋ ಜೋಡಿಯಾಗಿ ನಿಂತವರು ಸಂಸ್ಕೃತಿ ಇಲಾಖೆಯ ಕಡತಗಳಿಗೆ ಸಹಿ ಹಾಕುವ ಜಾಗಕ್ಕೆ ಬಂದದ್ದನ್ನು ಗಮನಿಸದೆ ಇರಲಾಗದು.

ಅವರು ಏಕವ್ಯಕ್ತಿ ನಾಟಕ ‘ಶರ್ಮಿಷ್ಠೆ’ಯೊಡನೆ ರಂಗಕ್ಕೆ ಮರಳಿದರು. ಬೇಲೂರು ರಘುನಂದನ್ ಬರೆದ ಅದನ್ನು ನಿರ್ದೇಶಿಸಿದವರು ಚಿದಂಬರರಾವ್ ಜಂಬೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದ ಪ್ರಾಂಶುಪಾಲರಾಗಿ ಅನೇಕ ತಲೆಮಾರಿನ ನಟರನ್ನು ತಿದ್ದಿದವರು. 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಾಲೆ ತೆರೆದು, 1985ರಿಂದ ‘ತಿರುಗಾಟ’ ನಡೆಸಿ ಊರೂರಿಗೆ ನಾಟಕ ಒಯ್ದಿತು. ಹಳ್ಳಿಯ ಹೆಣ್ಣುಮಕ್ಕಳು ವೇಷ ಕಟ್ಟುವುದು ಸಹಜವಾದ ಸಂಗತಿ ಎಂದು ಈ ಭಾಗದ ಜನಕ್ಕೆ ಅನ್ನಿಸಿದ್ದರೆ ಅದರಲ್ಲಿ ಈ ತಿರುಗಾಟದ ಪಾಲು ದೊಡ್ಡದು.

2021ರ ಡಿಸೆಂಬರಿನಲ್ಲಿ, 64ನೇ ವಯಸ್ಸಿನಲ್ಲಿ, ಉಮಾಶ್ರೀ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ಬಂದರು. ಆರೂರು ಜಗದೀಶ್ ನಿರ್ದೇಶಿಸಿದ ಈ ಧಾರಾವಾಹಿಯ ನಾಯಕಿ ಹರೆಯದ ಹುಡುಗಿಯಲ್ಲ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಗಂಡುಮಗು ಹೆರಲಿಲ್ಲವೆಂದು ಗಂಡ ಬೇರೆ ಮದುವೆಯಾಗಿದ್ದಾನೆ. ಗಂಡ ಬಿಟ್ಟ ಗುಲಾಬಿ ತನ್ನ ಮನೆಯ ಟಿ.ವಿ.ಯ ಮುಂದೆ ಊರ ಹೆಂಗಸರನ್ನು ಕೂರಿಸಿಕೊಂಡಿದ್ದಳು. ಗಂಡ ಬಿಟ್ಟ ಪುಟ್ಟಕ್ಕ ಟಿ.ವಿ.ಯ ಒಳಗಿನಿಂದಲೇ ನಾಡಿನ ಹೆಂಗಸರನ್ನು ಕೂರಿಸಿದಳು. ಧಾರಾವಾಹಿ ಶುರುವಾದ ದಿನಗಳಲ್ಲೇ ವೀಕ್ಷಕರ ಎಣಿಕೆಯಲ್ಲಿ ಮೊದಲ ಸಾಲಿಗೆ ಹೋಯಿತು.

ಹಾಸ್ಯಗಾರನ ವೇಷ

2025ರ ಜನವರಿಯಲ್ಲಿ ಉಮಾಶ್ರೀ ಹೊನ್ನಾವರದಲ್ಲಿ ಪೆರ್ಡೂರು ಮೇಳದೊಡನೆ ಯಕ್ಷಗಾನದ ವೇಷ ಕಟ್ಟಿದರು. ‘ಶ್ರೀರಾಮ ಪಟ್ಟಾಭಿಷೇಕ’ ಪ್ರಸಂಗ, ಮಂಥರೆಯ ಪಾತ್ರ. ಹೊನ್ನಾವರ ಎಂದರೆ ಸಾಗರದಿಂದ ಗೇರುಸೊಪ್ಪೆ ಘಟ್ಟ ಇಳಿದರೆ ಸಿಗುವ ಊರು. ಘಟ್ಟದ ಮೇಲೂ ಕೆಳಗೂ ಯಕ್ಷಗಾನದ ಭಾಷೆ ಒಂದೇ. ಕಾಲಕಾಲಕ್ಕೆ ಗಂಡಸೇ ಕಟ್ಟಿದ ಮುದುಕಿಯ ವೇಷಕ್ಕೆ ಹೆಣ್ಣು ನಟಿ, ಅದೂ 67ರ ಪ್ರಾಯದಲ್ಲಿ, ಮೇಳದ ಕಲಾವಿದರ ನಡುವೆ ಬಂದು ನಿಂತದ್ದು ಸಣ್ಣ ಸುದ್ದಿಯಾಗಿ ಬಂದು ಹೋಯಿತು. ಮಹಿಳಾ ಯಕ್ಷಗಾನ ತಂಡಗಳು ಈಗ ಇವೆ, ಆದ್ದರಿಂದ ಇದು ಮೊದಲ ಹೆಜ್ಜೆ ಎಂದೇನೂ ಅಲ್ಲ. ಆದರೆ ಹಾಸ್ಯದಿಂದಲೇ ಹೆಸರಾದ, ಹಾಸ್ಯದಿಂದಲೇ ಹೀಯಾಳಿಕೆಯನ್ನೂ ಉಂಡ ನಟಿಯೊಬ್ಬರು ಆ ವೇಷದಲ್ಲಿ ಬಂದದ್ದಕ್ಕೆ ಬೇರೆ ತೂಕವಿದೆ.

ನಾಟಕ ಪುಸ್ತಕವಾಗಿ ಉಳಿಯುತ್ತದೆ, ಸಿನಿಮಾ ಒಂದಿಷ್ಟಾದರೂ ಕಾಪಾಡಲ್ಪಡುತ್ತದೆ. ಟಿ.ವಿ. ಹಾಸ್ಯ ಮಾತ್ರ ಪ್ರಸಾರವಾದ ಮರುದಿನ ಹಳತಾಗುತ್ತದೆ. ಅದರ ಸಂಭಾಷಣೆಯನ್ನು ಯಾರೂ ಅಚ್ಚು ಹಾಕುವುದಿಲ್ಲ, ಅದರ ನಟಿಯರ ಕುರಿತು ವಿಮರ್ಶೆ ಬರುವುದಿಲ್ಲ. ಅವರು ತೀರಿಕೊಂಡ ದಿನ ನಾಲ್ಕು ಸಾಲು ಬಂದರೆ ಹೆಚ್ಚು. ಸಂಜೆ ಒಲೆಯ ಕೆಲಸ ಮುಗಿಸಿ ಬಂದು ಕೂತ ಸಾವಿರಾರು ಹೆಂಗಸರಿಗೆ ಅರ್ಧ ಗಂಟೆ ತಮ್ಮದೇ ಬದುಕನ್ನು ನೋಡಿ ನಗುವ ಅವಕಾಶ ಕೊಟ್ಟವರು ಇವರು. ನರಸಿಂಹರಾಜು ಅವರ ಹೆಸರನ್ನು ಬರೆದ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಎಂ.ಎನ್. ಲಕ್ಷ್ಮೀದೇವಿ, ಬಿ. ಜಯ, ಉಮಾಶ್ರೀ, ಅಪರ್ಣಾ ಅವರ ಹೆಸರುಗಳನ್ನೂ ಬರೆಯುವ ಕೆಲಸ ಬಾಕಿ ಇದೆ. ಅದೂ ಅವರು ಅಳಿಸಿದ ಪಾತ್ರಗಳಿಗಾಗಿ ಮಾತ್ರವಲ್ಲ, ನಗಿಸಿದ್ದಕ್ಕಾಗಿಯೂ.